ಆ ಸಾಲು ಎಲ್ಲಿಂದ ಬಂತು

ಬೆಂಗಳೂರಿಗೆ ಬಂದ ಮೊದಲ ಸೋಮವಾರ ನನ್ನ ಹೆಂಡತಿಗೆ ಓದು ನಿಂತುಹೋಯಿತು. ಕಲಬುರಗಿಯ ಕಚೇರಿಯಲ್ಲಿ ಬೀಳ್ಕೊಡುಗೆಯ ಹಾರ ಹಾಕಿಸಿಕೊಳ್ಳುವವರೆಗೂ ಫೈಲು ನೋಡುತ್ತಿದ್ದವಳು, ಕಂಟೋನ್ಮೆಂಟಿನ ಹೊಸ ಕಚೇರಿಯಲ್ಲಿ ತನ್ನ ಯಂತ್ರದ ತಂತಿಯನ್ನು ಕಂಪ್ಯೂಟರಿಗೆ ಚುಚ್ಚಿ ಬೆರಳಿಟ್ಟು ಕಾದಳು. ಏನೂ ಏಳಲಿಲ್ಲ. ಕಿತ್ತು ಮತ್ತೆ ಚುಚ್ಚಿದಳು.

"ರೀ, ಲೈಟ್ ಹತ್ತ್ಯಾದೇನು ನೋಡ್ರಿ" ಎಂದು ಜೊತೆಗೆ ಹೋಗಿದ್ದ ನನಗೆ ಹೇಳಿದಳು.

ಹಸಿರು ದೀಪ ಹತ್ತಿತ್ತು. ಯಂತ್ರ ಜೀವಂತವಾಗಿತ್ತು. ಆ ಕಂಪ್ಯೂಟರಿಗೆ ಮಾತ್ರ ಅದು ಯಾರೆಂದೇ ಗೊತ್ತಿರಲಿಲ್ಲ.

ಸುವರ್ಣಾಗೆ ಎಳೆವಯಸ್ಸಿನಲ್ಲೇ ದೃಷ್ಟಿ ಹೋಯಿತು. ಅವಳು ಓದುವುದು ಬೆರಳಿನಿಂದ. ಕಂಪ್ಯೂಟರಿನ ಕೀಬೋರ್ಡಿನ ಮುಂದೆ ಇಡುವ ಚಪ್ಪಟೆ ಪೆಟ್ಟಿಗೆಯೊಂದಿದೆ. ಅದರ ಅಂಚಿಗೆ ಉದ್ದಕ್ಕೂ ಸಣ್ಣ ಸಣ್ಣ ತೂತುಗಳು. ಪರದೆಯ ಮೇಲೆ ಏನಿದೆಯೋ ಅದು ಆ ತೂತುಗಳಿಂದ ಗುಂಡುಪಿನ್ನಿನ ತಲೆಯಂಥ ಚುಕ್ಕೆಗಳಾಗಿ ಏಳುತ್ತದೆ, ಬೆರಳು ಸವರಿದರೆ ಬ್ರೈಲ್ ಅಕ್ಷರ. ಮನೆಯಲ್ಲಿ ಅದನ್ನು ನಾವು ಪಟ್ಟಿ ಎನ್ನುತ್ತೇವೆ. ಪರದೆಯನ್ನು ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಮುಗಳೂ ಇವೆ, ನಿಜ. ಆದರೆ ಅವಳು ಬಡ್ತಿಯ ಮೇಲೆ ಬಂದದ್ದು ವಿಮಾ ಕಚೇರಿಯ ಕ್ಲೇಮು ವಿಭಾಗಕ್ಕೆ. ಅಲ್ಲಿ ಒಂದು ಪಾಲಿಸಿ ನಂಬರು, ಸತ್ತವರ ಹೆಸರು, ನಾಮಿನಿಯ ಹೆಸರು ಒಂದಕ್ಕೊಂದು ತಾಳೆಯಾಗಬೇಕು. "ಕಿವೀಲೆ ಕೇಳಿದ್ದು ಹೋಗ್ಬಿಡ್ತದರೀ, ಬೆರಳಿಗಿ ಹತ್ತಿದ್ದು ಇರ್ತದ" ಎನ್ನುತ್ತಾಳೆ ಸುವರ್ಣಾ. ಪಟ್ಟಿ ಏಳದ ಮೇಲೆ ಆ ಕುರ್ಚಿ ಅವಳದಾಗಿ ಉಳಿಯಲಿಲ್ಲ. ಆ ವಾರದ ಕೊನೆಗೆ ಅವಳನ್ನು ವಿಚಾರಣೆಯ ಟೆಲಿಫೋನಿನ ಮುಂದೆ ಕೂರಿಸಿದರು. ತಾತ್ಕಾಲಿಕವಾಗಿ ಎಂದರು.

ಹಳೆಯ ಕಚೇರಿಯ ಕಂಪ್ಯೂಟರಿನಲ್ಲಿ ಪಟ್ಟಿ ತಯಾರಿಸಿದ ಕಂಪನಿಯದೇ ಸಿ.ಡಿ. ಹಾಕಿ ನಡೆಸುತ್ತಿದ್ದೆವು. ಇಲ್ಲಿ ಎಲ್ಲ ಯಂತ್ರಗಳಿಗೂ ಮುಕ್ತ ಆಪರೇಟಿಂಗ್ ಸಿಸ್ಟಂ ಹಾಕಿದ್ದರು. ಯಾರದೂ ಅಲ್ಲದ, ಪ್ರಪಂಚದ ನಾನಾ ಮೂಲೆಯ ಜನ ಕೂಡಿ ಬರೆದು, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ವ್ಯವಸ್ಥೆ ಅದು. ಅದರ ಒಳತಿರುಳಿಗೆ ಕರ್ನಲ್ ಎನ್ನುತ್ತಾರೆ. ಹೊರಗಿನಿಂದ ಚುಚ್ಚುವ ಒಂದೊಂದು ಯಂತ್ರಕ್ಕೂ ಕರ್ನಲ್ಲಿನಲ್ಲಿ ಒಬ್ಬ ದುಭಾಷಿ ಇರಬೇಕು. ಆ ದುಭಾಷಿ ಪ್ರೋಗ್ರಾಮಿಗೆ ಡ್ರೈವರ್ ಎಂದು ಹೆಸರು. ನಮ್ಮ ಪಟ್ಟಿಗೆ ಡ್ರೈವರ್ ಇರಲಿಲ್ಲ. ಮಾಡಿದ ಕಂಪನಿ ಮುಚ್ಚಿಹೋಗಿತ್ತು.

ನಾನು ಎಲೆಕ್ಟ್ರಾನಿಕ್ಸಿನಲ್ಲಿ ಎಂ.ಎಸ್ಸಿ. ಮಾಡಿ ಕಲಬುರಗಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದವನು. ಹೆಂಡತಿಗೆ ವರ್ಗವಾದಾಗ ಆ ಕೆಲಸ ಬಿಟ್ಟು ಜೊತೆಗೆ ಬಂದೆ. ಒಂದು ಡ್ರೈವರ್ ಬರೆಯುವುದು ನನಗೆ ಆಗದ ಕೆಲಸವೇನೂ ಅಲ್ಲ ಎನ್ನಿಸಿತು. ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವ ಪ್ರವೀಣ್ ಎಂಬ ಹುಡುಗನಿಗೆ, ನಾನೇ ಬರೆದುಕೊಡುತ್ತೇನೆ, ಹಾಕಿಬಿಡಪ್ಪ ಎಂದೆ.

"ಅಯ್ಯೋ ಸರ್, ಹೊರಗಿಂದು ಏನೂ ಹಾಕೋ ಹಾಗಿಲ್ಲ. ಪಾಲಿಸಿ ಇದೆ. ನಾನ್ ಹಾಕಿದ್ರೆ ನನ್ ಕೆಲ್ಸ ಹೋಗುತ್ತೆ."

"ಹಾಗಿದ್ರೆ ಏನ್ರಿ ಮಾಡೋದು?"

"ಅದರಲ್ಲೇ ಬಂದ್ರೆ ಓಕೆ ಸರ್. ಕರ್ನಲ್ ಒಳಗೇ ಸೇರ್ಕೊಂಡು ಅಪ್‌ಡೇಟ್‌ನಲ್ಲಿ ಬಂದ್ಬಿಟ್ರೆ ಯಾರೂ ಕೇಳಲ್ಲ."

ಕಲಬುರಗಿಯಲ್ಲಾಗಿದ್ದರೆ ಪ್ರವೀಣನ ಜಾಗದಲ್ಲಿದ್ದವನು ಬಾಗಿಲು ಮುಂದೆ ಮಾಡಿ ಹಾಕಿಕೊಡುತ್ತಿದ್ದ, ಆಮೇಲೆ ಚಹಾಕ್ಕೆ ಕರೆದೊಯ್ಯುತ್ತಿದ್ದ. ಅಲ್ಲಿಯ ಅಂಥ ಸಲಿಗೆಯನ್ನು ನಾನು ವರ್ಷಗಟ್ಟಲೆ ಬೈದವನು. ಇಲ್ಲಿ ಅದಕ್ಕಾಗಿ ಹಂಬಲಿಸಿದೆ.

ಹಲಸೂರಿನ ಮಾರುಕಟ್ಟೆಯ ಹಿಂದಿನ ಗಲ್ಲಿಯೊಂದರಲ್ಲಿ ಮೂರನೇ ಮಹಡಿಯ ಮನೆ ಸಿಕ್ಕಿತು. ಕೆಳಗೆ ಮನೆ ಒಡತಿ ಸರೋಜಮ್ಮ. ಅವರು ಮನೆಯೊಳಗೆ ತಮಿಳು, ಮೆಟ್ಟಿಲ ಮೇಲೆ ಕನ್ನಡ, ನೀರಿನ ಟ್ಯಾಂಕರಿನವನ ಜೊತೆ ಹಿಂದಿ. ಮೊದಲ ಬೆಳಿಗ್ಗೆ ಸುವರ್ಣಾ ರೊಟ್ಟಿ ಬಡಿಯಲು ಶುರುಮಾಡಿದೊಡನೆ ಏದುಸಿರು ಬಿಡುತ್ತ ಮೇಲೆ ಬಂದರು.

"ಏನಮ್ಮಾ ಅದು ಸೌಂಡು? ಗೋಡೆ ಒಡೀತಿದ್ದೀರಾ?"

"ರೊಟ್ಟಿ ಬಡೀಲತ್ತೀನ್ರಿ ಅಮ್ಮಾರ."

"ಬಡಿಯೋದಾ? ನಾವು ತಟ್ಟೋದು. ಪಾಪ, ಅದೇನ್ ತಪ್ಪು ಮಾಡ್ತು ನಿಮಗೆ?"

ಒಂದು ರೊಟ್ಟಿ ತಿಂದು ಹೋದರು. ಮರುದಿನ ಸದ್ದಾದಾಗ ಬರಲಿಲ್ಲ, ರೊಟ್ಟಿಯನ್ನೂ ಕೇಳಲಿಲ್ಲ. ಇಲ್ಲಿ ಸಿಗುವ ಜೋಳದ ಹಿಟ್ಟಿಗೆ ಜಿಗುಟಿಲ್ಲ, ಅಂಚು ಒಡೆಯುತ್ತದೆ.

ಹೊಸ ಊರಿನಲ್ಲಿ ನನ್ನನ್ನು ಪರಕೀಯನನ್ನಾಗಿ ಮಾಡಿದ್ದು ಕನ್ನಡವೇ. "ಹ್ಯಾಂಗ ಹೋಗಬೇಕ್ರಿ" ಎಂದರೆ ಬಸ್ಸಿನ ಕಂಡಕ್ಟರು ನಗುತ್ತಿದ್ದ. ಶಿವಾಜಿನಗರದಲ್ಲಿ ಮಾತ್ರ ಇದು ತಿರುಗುಮುರುಗಾಯಿತು. ಅಲ್ಲಿಯ ಹಣ್ಣಿನ ಸಾಲಿನಲ್ಲಿ ಸೀಬೆ ಆರಿಸುತ್ತ ಊರಿನ ಅಭ್ಯಾಸಬಲದಿಂದ ದಖನಿಯಲ್ಲಿ ದರ ಕೇಳಿಬಿಟ್ಟೆ. ಹಣ್ಣಿನವನು ತಲೆಯೆತ್ತಿ, "ಕಾಂ ಕೇ ಭಾಯ್ ತುಮೇ?" ಎಂದ. ಎಲ್ಲಿಯವನಪ್ಪ ನೀನು ಅಂತ. ಗುಲ್ಬರ್ಗಾ ಎಂದೆ. "ಅರೆ, ಹಮಾರೆ ಖಾಲಾ ಉಧರಿಚ್ ಹೈ!" ಎಂದು ಕೆಟ್ಟ ಕಾಯಿಯನ್ನು ತಾನೇ ತೆಗೆದು ಒಳ್ಳೆಯದು ಹಾಕಿದ. ಅವನ ಚಿಕ್ಕಮ್ಮ ನಮ್ಮೂರಿನಲ್ಲಿದ್ದಾಳಂತೆ. ಆ ಒಂದು ತಿಂಗಳಲ್ಲಿ ನನ್ನನ್ನು ಊರಿನವನೆಂದು ಗುರುತಿಸಿದವನು ಅವನೊಬ್ಬನೇ. ಅದು ಶಿವಾಜಿನಗರದಲ್ಲಿ ಆಯಿತೆಂದು ಬರೆದಿದ್ದೇನೆ; ಫ್ರೇಜರ್ ಟೌನಿನಲ್ಲಿ ಎಂದು ಸುವರ್ಣಾ ಹೇಳುತ್ತಾಳೆ. ಅವಳ ಮಾತೇ ಸರಿಯಿರಬಹುದು. ನನ್ನ ನೆನಪು ಯಾವಾಗಲೂ ಹೀಗೆಯೇ, ಚಿತ್ರ ಸ್ಪಷ್ಟವಾಗಿರುತ್ತದೆ, ಜಾಗ ಬದಲಾಗಿರುತ್ತದೆ.

ಈ ವಿಷಯ ಇಲ್ಲಿ ತಮಾಷೆಯಾಗಿ ಹೇಳುತ್ತಿದ್ದೇನೆ. ಮುಂದೆ ತಮಾಷೆಯಾಗಿ ಉಳಿಯಲಿಲ್ಲ.

ಪಟ್ಟಿಯ ತಳದಲ್ಲಿ ಅಂಟಿಸಿದ್ದ ಚೀಟಿಯಲ್ಲಿ ಸಿ.ವಿ. ರಾಮನ್ ನಗರದ ವಿಳಾಸ ಮಸುಕಾಗಿ ಕಾಣುತ್ತಿತ್ತು. ಹೋಗಿ ನೋಡಿದರೆ ಆ ಕಟ್ಟಡ ಈಗ ಹುಡುಗಿಯರ ಪಿ.ಜಿ. ಪಕ್ಕದ ಬೇಕರಿಯವರು, ಕಂಪನಿಯಲ್ಲಿದ್ದ ಇಂಜಿನಿಯರ್ ಸೆಲ್ವರಾಜ್ ಲಿಂಗರಾಜಪುರದಲ್ಲಿದ್ದಾರೆ ಎಂದು ಹೇಳಿ ಫೋನ್ ನಂಬರು ಕೊಟ್ಟರು. ಒಂದು ಭಾನುವಾರ ಸುವರ್ಣಾ, ನಾನು ಇಬ್ಬರೂ ಪಟ್ಟಿಯನ್ನು ಚೀಲದಲ್ಲಿಟ್ಟುಕೊಂಡು ಹೋದೆವು. ಅಂದು ಮಳೆಯಿತ್ತು ಎಂದು ಬರೆಯಹೊರಟಿದ್ದೆ. ಮಳೆ ಇರಲಿಲ್ಲ ಅನ್ನುತ್ತಾಳೆ ಸುವರ್ಣಾ.

ಸೆಲ್ವರಾಜ್ ಪಟ್ಟಿಯನ್ನು ಕೈಗೆ ತೆಗೆದುಕೊಂಡವರೇ ಬೆಳಕಿಗೆ ಹಿಡಿದು, "ಯಾರಮ್ಮ ಇದನ್ನ ಒದ್ದೆ ಬಟ್ಟೇಲಿ ಒರೆಸಿದ್ದು?" ಎಂದು ಗದರಿದರು.

"ನಾನೇ ರೀ. ದಿನಾ ಒರಸ್ತೀನಿ."

"ದಿನಾನಾ! ಆದ್ರೂ ನಡೀತಿದೆಯಾ? ನೋಡಿ, ನಾವ್ ಮಾಡಿದ್ ಮಾಲು ಹಾಗಿರೋದು. ಕಂಪನಿ ಮಾತ್ರ ನಡೀಲಿಲ್ಲ."

ತಿನ್ನಲು ಮುರುಕು ಕೊಟ್ಟರು, ಕಾಫಿ ಕೊಟ್ಟರು. ಪಟ್ಟಿ ಮೊದಲು ನಿದ್ದೆಯಲ್ಲಿರುತ್ತದೆ, ಅದನ್ನು ಎಬ್ಬಿಸಲು ಕೆಲವು ಸಂಖ್ಯೆಗಳನ್ನು ಒಂದು ಕ್ರಮದಲ್ಲಿ ಕಳಿಸಬೇಕು ಎಂದು ವಿವರಿಸಿದರು. ಒಳಕೋಣೆಯಲ್ಲಿ ಅವರದೊಂದು ಹಳೆಯ ಕಂಪ್ಯೂಟರ್ ಇತ್ತು. ಅದನ್ನು ಹಚ್ಚಿ ಏನೋ ತೋರಿಸಿದರು. ಪರದೆಯ ಹಿನ್ನೆಲೆಯಲ್ಲಿ ಸಮುದ್ರದಂಡೆಯ ಬಿಳಿ ಚರ್ಚಿನ ಚಿತ್ರವಿತ್ತು. ಅದು ನನಗೆ ಚೆನ್ನಾಗಿ ನೆನಪಿದೆ.

ಆಮೇಲಿನ ತಿಂಗಳುಗಳನ್ನು ನಾನು ನಮ್ಮ ಮನೆಯ ಹಳೆಯ ಲ್ಯಾಪ್‌ಟಾಪಿನ ಮುಂದೆ ಕಳೆದೆ. ಅದರಲ್ಲಿ ಕಂಪನಿಯ ಸಿ.ಡಿ. ಇನ್ನೂ ನಡೆಯುತ್ತಿತ್ತು. ಲ್ಯಾಪ್‌ಟಾಪು ಪಟ್ಟಿಗೆ ಏನು ಹೇಳುತ್ತದೆ, ಪಟ್ಟಿ ಏನು ಉತ್ತರಿಸುತ್ತದೆ ಎಂಬುದನ್ನು ತಂತಿಯ ನಡುವೆ ನಿಂತು ಕದ್ದು ಕೇಳುವ ವಿಧಾನವಿದೆ. ಹಾಗೆ ಕೇಳಿದ್ದನ್ನು ಇಟ್ಟುಕೊಂಡು ಡ್ರೈವರ್ ಬರೆದೆ. ಸಂಖ್ಯೆಗಳ ಒಂದು ಕೋಷ್ಟಕವನ್ನೂ ಅದರಲ್ಲಿ ಸೇರಿಸಿದೆ. ಮನೆಯಲ್ಲಿ ಹೊಸ ವ್ಯವಸ್ಥೆ ಹಾಕಿದ ಕಂಪ್ಯೂಟರಿನಲ್ಲಿ ಮೊದಲ ಸಲ ಚುಕ್ಕೆಗಳು ಎದ್ದಾಗ ಸುವರ್ಣಾ ಒಂದು ಸಾಲು ಓದಿ, "ನಿಮ್ಮ ಹೆಸರೇ ಬರದೀರಿ, ಬ್ಯಾರೆ ಏನೂ ಸಿಗ್ಲಿಲ್ಲೇನು?" ಎಂದು ನಕ್ಕಳು.

ಇನ್ನು ಉಳಿದದ್ದು ಕರ್ನಲ್ಲಿನ ಜನ ಇದನ್ನು ಒಪ್ಪುವುದು.

ಆ ಜನರ ಊರಿನ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ನಿಜದಲ್ಲಿ ನಾನು ವಲಸೆ ಹೋದದ್ದು ಹಲಸೂರಿಗಿಂತ ಹೆಚ್ಚಾಗಿ ಅಲ್ಲಿಗೆ. ಅದಕ್ಕೆ ಕಟ್ಟಡವಿಲ್ಲ, ಕಚೇರಿಯಿಲ್ಲ. ಇರುವುದು ಎಲ್ಲರ ಕಣ್ಣೆದುರೇ ನಡೆಯುವ ಮಿಂಚಂಚೆಯ ವ್ಯವಹಾರ. ನೀವು ಬರೆದದ್ದನ್ನು ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ತಪ್ಪು ಹಿಡಿಯಬಹುದು. ಉತ್ತರವನ್ನು ಹಿಂದಿನವರ ಮಾತಿನ ಕೆಳಗೆ ಬರೆಯಬೇಕು, ಮೇಲೆ ಬರೆದರೆ ಅಸಭ್ಯತೆ. ಬಣ್ಣ, ದಪ್ಪಕ್ಷರ ಕೂಡದು. ಬದಲಾವಣೆಗಳನ್ನು ಸಣ್ಣ ಸಣ್ಣ ತುಂಡುಗಳಾಗಿ ಕಳಿಸಬೇಕು. ಒಂದೊಂದು ತುಂಡಿಗೂ ಪ್ಯಾಚ್ ಎಂದು ಹೆಸರು. ನನ್ನ ಮೊದಲ ಪ್ಯಾಚಿಗೆ ಬಂದ ಉತ್ತರದಲ್ಲಿ ನಮಸ್ಕಾರವೂ ಇರಲಿಲ್ಲ. ಸಾಲುಗಳ ಮುಂದೆ ಬಿಟ್ಟ ಜಾಗ ಸರಿಯಿಲ್ಲ, ತಿದ್ದಿ ಕಳಿಸಿ ಎಂದಷ್ಟೇ ಇತ್ತು. ನಮ್ಮ ಕಾಲೇಜಿನಲ್ಲಿ ಪ್ರಾಚಾರ್ಯರಿಗೆ ರಜಾ ಅರ್ಜಿ ಬರೆದರೂ ಮಾನ್ಯರೇ ಎಂದು ಆರಂಭಿಸಿ ವಿಶ್ವಾಸಿ ಎಂದು ಮುಗಿಸುತ್ತಿದ್ದೆವು. ಇಲ್ಲಿ ಮಾನ್ಯರೂ ಇಲ್ಲ, ವಿಶ್ವಾಸವೂ ಇಲ್ಲ. ಆದರೆ ನಿನ್ನ ಡಿಗ್ರಿ ಯಾವುದು, ಯಾರ ಕಡೆಯವನು, ಕಾಯಮ್ಮೋ ಅತಿಥಿಯೋ ಎಂದೂ ಯಾರೂ ಕೇಳಲಿಲ್ಲ. ನಾನು ಆ ಊರನ್ನು ಪ್ರೀತಿಸತೊಡಗಿದ್ದೆ. ಹಗಲೆಲ್ಲ ಸುವರ್ಣಾ ಟೆಲಿಫೋನಿನ ಮುಂದೆ ಇರುವಾಗ ನನ್ನ ಜೊತೆ ಮಾತಾಡುತ್ತಿದ್ದವರು ಅವರೇ.

ಆ ಊರಿನಲ್ಲಿ ಒಂದು ಸಂಪ್ರದಾಯವಿದೆ. ಪ್ರತಿ ಪ್ಯಾಚಿನ ಕೊನೆಗೆ ನಿಮ್ಮ ಹೆಸರಿನಲ್ಲಿ ಒಂದು ಸಹಿಸಾಲು ಬರೆಯಬೇಕು. ಇದನ್ನು ನಾನೇ ಬರೆದಿದ್ದೇನೆ, ಇಲ್ಲವೇ ಇದನ್ನು ಕೊಡುವ ಹಕ್ಕು ನನಗಿದೆ ಎಂದು ಅದರರ್ಥ. ಊರಿನಲ್ಲಿ ನಾನು ಪಾಠ ಮಾಡಿದ್ದು ನನಗಿಂತ ಮುಂಚಿನವರ ನೋಟ್ಸಿನಿಂದ, ಅವರು ಮಾಡಿದ್ದು ಅವರಿಗಿಂತ ಮುಂಚಿನವರದರಿಂದ. ಯಾವ ವಾಕ್ಯ ಯಾರದು ಎಂದು ಕೇಳಿದವರಿಲ್ಲ. ಇಲ್ಲಿ ಒಂದೊಂದು ಸಾಲಿಗೂ ತಂದೆ ತಾಯಿ ಗೊತ್ತಿರಬೇಕು. ನಾನು ಸಹಿಸಾಲನ್ನು ವಿಳಾಸ ಬರೆದಷ್ಟು ಸಲೀಸಾಗಿ ಬರೆದಿದ್ದೆ.

ಹಲವು ಸಲ ತಿದ್ದಿ ತಿದ್ದಿ, ಇನ್ನೇನು ಒಪ್ಪುತ್ತಾರೆ ಎನ್ನುವ ಹಂತದಲ್ಲಿ ಆ ವಿಭಾಗದ ಮೇಲ್ವಿಚಾರಕಿ ಒಂದು ಪ್ರಶ್ನೆ ಕೇಳಿದರು. ಉತ್ತರದ ಚಳಿದೇಶವೊಂದರ ಹೆಂಗಸು ಆಕೆ. ನಾನು ಮುಖ ನೋಡಿದವನಲ್ಲ. ಕೋಷ್ಟಕದಲ್ಲಿ ಎರಡು ಸಾಲುಗಳಿದ್ದವು. ಒಂದು ನಮ್ಮ ಪಟ್ಟಿಗೆ, ಅಂದರೆ ನಲವತ್ತು ಅಕ್ಷರ ಏಳಿಸುವ ಪಟ್ಟಿಗೆ. ಇನ್ನೊಂದು ಅದೇ ಕಂಪನಿಯ ದೊಡ್ಡ ಪಟ್ಟಿಗೆ, ಎಂಬತ್ತು ಅಕ್ಷರದ್ದು. ಎಲ್ಲೋ ಯಾರ ಬಳಿಯೋ ಅದು ಇದ್ದೀತು, ಅವರಿಗೂ ಉಪಯೋಗವಾಗಲಿ ಎಂದು ಸೇರಿಸಿದ್ದೆ. ಆಕೆ ಕೇಳಿದ್ದು ಇಷ್ಟೇ: ನಿಮ್ಮ ಬಳಿ ಇರುವುದು ಸಣ್ಣ ಪಟ್ಟಿ ಮಾತ್ರ ಎಂದಿದ್ದೀರಿ. ಹಾಗಾದರೆ ದೊಡ್ಡ ಪಟ್ಟಿಯ ಸಾಲು ಎಲ್ಲಿಂದ ಬಂತು?

ನಾನು ಪರದೆ ನೋಡುತ್ತ ಕುಳಿತೆ. ನಿಜವಾಗಿ, ಎಲ್ಲಿಂದ ಬಂತು?

ಸಣ್ಣದರ ಸಂಖ್ಯೆಗಳಿಂದ ದೊಡ್ಡದರದನ್ನು ಊಹಿಸಿರಬಹುದು. ಆ ಊಹೆ ಸಾಧ್ಯವಿತ್ತು. ಈಗಲೂ ಕಾಗದದ ಮೇಲೆ ಮಾಡಿ ತೋರಿಸಬಲ್ಲೆ. ಆದರೆ ಈಗ ಮಾಡಬಲ್ಲೆ ಎಂಬುದು ಆಗ ಮಾಡಿದ್ದೆ ಎಂಬುದಕ್ಕೆ ಸಾಕ್ಷಿಯಲ್ಲ. ಸೆಲ್ವರಾಜರ ಪರದೆಯ ಮೇಲೆ ಕಂಡಿರಬಹುದೇ? ಕಂಡದ್ದಾದರೆ ಅದು ಕಂಪನಿಯ ಸ್ವತ್ತು, ಕೊಡುವ ಹಕ್ಕು ನನಗಿಲ್ಲ. ಚರ್ಚಿನ ಚಿತ್ರ ಕಣ್ಣಮುಂದೆ ಬರುತ್ತದೆ. ಅದರ ಮೇಲೆ ಏನು ತೆರೆದಿತ್ತು ಎಂದು ನೋಡಲು ಹೋದರೆ ನಾನೇ ಬರೆದ ಕೋಷ್ಟಕ ಬಂದು ಕೂರುತ್ತದೆ. ದಿನವೂ ನೋಡಿದ್ದಲ್ಲವೇ. ಅದು ಅಂದು ಅಲ್ಲಿತ್ತೋ, ಈಗ ನಾನು ತಂದು ಅಂಟಿಸುತ್ತಿದ್ದೇನೋ, ಯಾರನ್ನು ಕೇಳಲಿ?

ಅವಸರದಲ್ಲಿ ದಡ್ಡತನ ಮಾಡಿದೆ. ದೊಡ್ಡ ಪಟ್ಟಿಯ ಸಾಲನ್ನು ಅಳಿಸಿ, ಮತ್ತೆ ಪ್ಯಾಚ್ ಕಳಿಸಿದೆ. ಸಾಲೇ ಇಲ್ಲದ ಮೇಲೆ ಪ್ರಶ್ನೆ ಎಲ್ಲಿ ಎಂಬ ಲೆಕ್ಕ. ಆಕೆ ಒಂದೇ ವಾಕ್ಯ ಬರೆದರು: ಸಾಲು ತೆಗೆದಿರಿ, ಪ್ರಶ್ನೆ ಹಾಗೇ ಇದೆ, ಈಗ ಉಳಿದ ಸಾಲಿನ ಬಗ್ಗೆಯೂ ಕೇಳಬೇಕಾಗಿದೆ.

ಮುಚ್ಚಿದ ಕಂಪನಿಯ ಹಕ್ಕುಗಳನ್ನು ಕೊಂಡಿದ್ದವರನ್ನು ಹುಡುಕಿ ಬರೆದೆ, ಅನುಮತಿ ಕೊಡಿ ಎಂದು. ಉತ್ತರವಿಲ್ಲ. ಮತ್ತೆ ಲಿಂಗರಾಜಪುರಕ್ಕೆ ಹೋದೆ, ಒಬ್ಬನೇ.

"ನಾನ್ ನಿಮಗೆ ಕೋಡ್ ತೋರಿಸಿದ್ನಾ ಅಂತಾನಾ?" ಸೆಲ್ವರಾಜ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ತೋರಿಸಿರ್ತೀನಿ ಸಾರ್. ನಾನ್ ಯಾರಿಗ್ ತೋರಿಸಿಲ್ಲ ಹೇಳಿ! ಗ್ಯಾಸ್ ಹಾಕೋಕ್ ಬಂದವನಿಗೂ ತೋರಿಸಿದೀನಿ."

"ಖಚಿತವಾಗಿ ನೆನಪಿದೆಯಾ?"

"ನೆನಪಾ? ಬೆಳಿಗ್ಗೆ ಬೀಪಿ ಮಾತ್ರೆ ತಗೊಂಡ್ನಾ ಇಲ್ವಾ ಅಂತ ಮಿಸ್ಸಸ್‌ನ ಕೇಳ್ಬೇಕು. ತೋರಿಸಿಲ್ಲ ಅಂತ ಬೇಕಾದ್ರೆ ಬರೆದ್ಕೊಡ್ತೀನಿ. ಏನೀಗ?"

ಬೇಡ ಎಂದೆ. ಹೊರಡುವಾಗ ಮುರುಕಿನ ಪೊಟ್ಟಣ ಕೈಗಿಟ್ಟು, "ಆಯಮ್ಮಂಗೆ ಕೊಡಿ, ಪಾಪ" ಎಂದರು.

ಮುಂದಿನ ಭಾನುವಾರ ಮಧ್ಯಾಹ್ನ ಉತ್ತರ ಬರೆದೆ. ಎಲ್ಲವೂ ನನ್ನ ಸ್ವಂತ ವೀಕ್ಷಣೆಯಿಂದ ಬಂದದ್ದು, ಇದು ನನಗೆ ಖಚಿತ, ಎಂದು. ಸುಳ್ಳೆಂದು ಯಾರೂ ಸಾಬೀತು ಮಾಡಲಾರರು. ನಾನೂ ಸಹ. ಕಳಿಸುವ ಮುಂಚೆ ಸುವರ್ಣಾ, "ಏನ್ ಬರದೀರಿ, ತೋರಿಸ್ರಿ" ಎಂದು ಪಟ್ಟಿಯನ್ನು ಎಳೆದುಕೊಂಡಳು. ನನ್ನ ಇಂಗ್ಲಿಷ್ ವಾಕ್ಯದ ಮೇಲೆ ಅವಳ ಬೆರಳು ಎಡದಿಂದ ಬಲಕ್ಕೆ ಹೋಯಿತು, ಖಚಿತ ಎಂಬಲ್ಲಿ ನಿಂತಿತು.

"ಖಾತ್ರಿ ಅದೇನ್ರಿ?"

"ನೀನೂ ಇದ್ದೆಲ್ಲ ಅವತ್ತು. ನೀನೇ ಹೇಳು."

"ನನಗ ಹ್ಯಾಂಗ ಕಾಣ್ಬೇಕ್ರಿ ಅಲ್ಲಿ ಏನಿತ್ತಂತ?" ಎಂದಳು. ಪಟ್ಟಿಯಿಂದ ಬೆರಳು ತೆಗೆದು, "ಮೌಸಿನ ಗಾಲಿ ತಿರುಗೋ ಸಪ್ಪಳ ಕೇಳಸ್ತು. ಭಾಳ ಹೊತ್ತು ತಿರುಗ್ತು. ಅವರು ಮಾತಾಡ್ಕೋತ ಇದ್ರು. ನೀವು ಮಾತಾಡ್ಲಿಲ್ಲ."

"ಮಾತಾಡದಿದ್ರೆ?"

"ನೀವು ಸುಮ್ನಿರೋದು ಓದೋವಾಗಷ್ಟೇ."

ಕೆಳಗೆ ಸರೋಜಮ್ಮನ ಕುಕ್ಕರು ಕೂಗಿತು. ಇದರಲ್ಲಿ ತನಗೆ ಏನು ಹೋಗುತ್ತದೆಂದು ಸುವರ್ಣಾಗೆ ಗೊತ್ತಿತ್ತು. ಆ ವಾರವಿಡೀ ಫೋನಿನಲ್ಲಿ ಮಾತಾಡಿ ಮಾತಾಡಿ ಅವಳ ದನಿ ಒಡೆದಿತ್ತು. ಮನೆಗೆ ಬಂದರೆ ಬಿಸಿನೀರು ಕುಡಿದು, ಸನ್ನೆಯಲ್ಲೇ ಕೆಲಸ ಮುಗಿಸುತ್ತಿದ್ದಳು. ಕ್ಲೇಮು ವಿಭಾಗದ ಅವಳ ಕುರ್ಚಿಯಲ್ಲಿ ಆಗಲೇ ಬೇರೊಬ್ಬರು ಕೂರತೊಡಗಿದ್ದರು.

"ಕಳಸ್ಲೇನು?" ಎಂದೆ.

"ನಿಮಗ ಖಾತ್ರಿ ಇದ್ರ ಕಳಸ್ರಿ. ನನ್ನ ಸಲುವಾಗಿ ಖಾತ್ರಿ ಮಾಡ್ಕೋಬ್ಯಾಡ್ರಿ."

ಅಳಿಸಿದೆ. ನನಗೆ ಗೊತ್ತಿಲ್ಲ, ನೋಡಿರಲೂಬಹುದು, ಎಂದು ಬರೆದು ಕಳಿಸಿದೆ. ಅದು ಪ್ರಾಮಾಣಿಕತೆಯೆಂದು ಯಾರಾದರೂ ಹೊಗಳಿದರೆ ನನಗೆ ಕಸಿವಿಸಿಯಾಗುತ್ತದೆ. ನನ್ನ ಕೈಯಲ್ಲಿ ಬೇರೇನೂ ಉಳಿದಿರಲಿಲ್ಲ.

ಬಂದ ಉತ್ತರದಲ್ಲಿ ಮೇಲ್ವಿಚಾರಕಿ ಮೊದಲ ಸಲ ನನ್ನನ್ನು ಹೆಸರು ಹಿಡಿದು ಕರೆದಿದ್ದರು. ಧನ್ಯವಾದ ಹೇಳಿದ್ದರು. ಈ ಡ್ರೈವರನ್ನು ತೆಗೆದುಕೊಳ್ಳಲಾಗುವುದಿಲ್ಲ ಎಂದಿದ್ದರು. ದಾರಿ ಒಂದೇ: ಆ ಕಂಪನಿಯ ಕೋಡನ್ನು ಎಂದೂ ಕಾಣದವರು ಯಾರಾದರೂ ಪಟ್ಟಿಯ ನಡವಳಿಕೆಯನ್ನು ಹೊಸದಾಗಿ ಗಮನಿಸಿ ವಿವರಿಸಬೇಕು, ಅದನ್ನು ಓದಿ ಇನ್ನೊಬ್ಬರು ಮೊದಲಿನಿಂದ ಬರೆಯಬೇಕು. ನಾನು ಅದರಲ್ಲಿ ಎಲ್ಲೂ ಇರಕೂಡದು. ಸಲಹೆಯನ್ನೂ ಕೊಡಕೂಡದು. ನನ್ನ ಪ್ಯಾಚುಗಳನ್ನು ಹೊಸದಾಗಿ ಬರೆಯುವವರು ತೆರೆದು ನೋಡದಿರಲಿ ಎಂದು ಎಲ್ಲರಿಗೂ ಸೂಚಿಸಿದ್ದರು. ನಾನು ಓಡಾಡಿದ ಬೀದಿಗೆ ಹಗ್ಗ ಕಟ್ಟಿದ ಹಾಗಾಯಿತು.

ಎಂದೂ ಕಾಣದವರು ಯಾರು, ಪಟ್ಟಿ ಯಾರ ಬಳಿಯಿದೆ ಎಂದು ನಾನು ತಲೆ ಕೆಡಿಸಿಕೊಂಡು ಕುಳಿತಿದ್ದಾಗ ಸುವರ್ಣಾ ಜೋರಾಗಿ ನಕ್ಕಳು.

"ನಾ ಎಂದರ ಏನರ ಕಂಡೀನೇನ್ರಿ? ನನಗಿಂತ ಛೊಲೊ ಮನಷ್ಯಾ ಎಲ್ಲಿ ಸಿಗ್ತಾರ ಅವರಿಗಿ?"

ಅವಳೇ ಬರೆದಳು, ಅವಳ ಹೆಸರಿನಲ್ಲಿ. ನಾನು ನೋಡುವವಳಲ್ಲ, ಬೆರಳಿನಿಂದ ಓದುವವಳು, ಯಂತ್ರ ನನ್ನದು, ಏನು ಮಾಡಬೇಕು ಹೇಳಿ ಎಂದು. ಬ್ರೆಜಿಲ್ಲಿನ ಒಬ್ಬ ವಿದ್ಯಾರ್ಥಿ ಬರೆಯಲು ಮುಂದೆ ಬಂದ. ಅವನು ಹೇಳಿಕೊಟ್ಟ ಹಾಗೆ ತಂತಿಯ ನಡುವಿನ ಮಾತನ್ನು ಕದ್ದು ಕೇಳುವುದನ್ನು ಅವಳು ಕಲಿತಳು. ಮೊದಲನೆಯ ಚುಕ್ಕೆ ಮಾತ್ರ ಏಳಿಸಿದರೆ ಯಾವ ಸಂಖ್ಯೆ ಹೋಗುತ್ತದೆ, ಎರಡನೆಯದು ಎದ್ದರೆ ಯಾವುದು, ಹೀಗೆ ಬೆರಳಿನಿಂದ ತಡವಿ ತಡವಿ ಬರೆದು ಕಳಿಸಿದಳು. ಅವಳಿಗೆ ತಿಂಗಳುಗಳು ಹಿಡಿದವು. ನನಗೆ ಉತ್ತರ ಗೊತ್ತಿತ್ತು, ಪ್ರತಿಯೊಂದೂ. ಒಮ್ಮೆ ಅವಳು ತಪ್ಪು ದಾರಿಯಲ್ಲಿ ನಾಲ್ಕು ದಿನ ತಿರುಗುತ್ತಿದ್ದುದು ಅವಳ ಗೊಣಗಾಟದಿಂದಲೇ ನನಗೆ ತಿಳಿಯಿತು. ಬಾಯಿಯವರೆಗೂ ಬಂತು.

"ಮಾತಾಡಬ್ಯಾಡ್ರಿ. ಕೆಮ್ಮಲೂಬ್ಯಾಡ್ರಿ. ನೀವು ಕೆಮ್ಮಿದ್ರ ನನಗ ಗೊತ್ತಾಗ್ತದ."

ಒಂದೇ ಕೋಣೆ, ಒಂದು ಅಡುಗೆಮನೆಯ ಮನೆಯಲ್ಲಿ ಗಂಡ ಹೆಂಡಿರ ನಡುವೆ ಆಡಬಾರದ ಮಾತೊಂದು ಇಷ್ಟು ದೊಡ್ಡದಾಗಿ ಕೂತಿರುತ್ತದೆಂದು ನಾನು ಎಣಿಸಿರಲಿಲ್ಲ. ನಾವು ಬದನೆಕಾಯಿಯ ಬಗ್ಗೆ, ಸರೋಜಮ್ಮನ ಮಗಳ ಸಂಬಂಧದ ಬಗ್ಗೆ, ಕೆ.ಆರ್. ಪುರದ ಸೇತುವೆಯ ಮೇಲೆ ಸಿಕ್ಕಿಹಾಕಿಕೊಂಡ ಬಸ್ಸಿನ ಬಗ್ಗೆ ಮಾತಾಡಿದೆವು. ಅವಳು ಕೆಲಸಕ್ಕೆ ಕೂತೊಡನೆ ನಾನು ಎದ್ದು ಹೊರಗೆ ಹೋಗುವುದು ರೂಢಿಯಾಯಿತು. ಹೊರಗೆ ಎಂದರೆ ದೂರವೇನಲ್ಲ. ಆರಂಭದಲ್ಲಿ ಕೆರೆಯವರೆಗೆ ಹೋಗುತ್ತಿದ್ದೆ. ಆಮೇಲೆ ಬೇಸರವಾಗಿ ಮೆಟ್ಟಿಲ ಮೇಲೇ ಕೂರತೊಡಗಿದೆ.

ಡ್ರೈವರ್ ಸ್ವೀಕಾರವಾಯಿತು. ಸುದ್ದಿಯನ್ನು ನನಗೆ ಓದಿ ಹೇಳಿದವಳು ಅವಳು. ಬರೆದವನು ಬ್ರೆಜಿಲ್ಲಿನ ಹುಡುಗ, ವಿವರಿಸಿ ಪರೀಕ್ಷಿಸಿದವಳು ಸುವರ್ಣಾ, ಒಪ್ಪಿದವರು ಮೇಲ್ವಿಚಾರಕಿ. ಆ ಹೆಸರುಗಳು ಇನ್ನು ಅಳಿಯುವುದಿಲ್ಲ. ನನ್ನದು ಅಲ್ಲಿಲ್ಲ, ಇರಕೂಡದು ಎಂಬುದೇ ಅದು ಸ್ವೀಕಾರವಾಗಲು ಷರತ್ತು. ದೊಡ್ಡ ಪಟ್ಟಿಯ ಸಾಲೂ ಅಲ್ಲಿಲ್ಲ. ಎಲ್ಲೋ ಇರುವ ಆ ಎಂಬತ್ತು ಅಕ್ಷರದ ಪಟ್ಟಿ ಹಸಿರು ದೀಪ ಹತ್ತಿಸಿಕೊಂಡು ಹಾಗೇ ಮಲಗಿದೆ.

ಪ್ರವೀಣನಿಗೆ ಹೇಳಿದೆವು. "ಸೂಪರ್ ಮೇಡಂ! ಆದ್ರೆ ನಮ್ ವರ್ಷನ್ ಹಳೇದು. ಹೆಡ್ಡಾಫೀಸ್‌ನವರು ಯಾವಾಗ್ ಬದಲಾಯಿಸ್ತಾರೋ ಆಗ ಬರುತ್ತೆ."

"ಯಾವಾಗ ಬದಲಾಯಿಸ್ತಾರ್ರಿ?"

"ಅದು ನಮ್ಮ ಕೈಯಲ್ಲಿಲ್ಲ ಮೇಡಂ."

ಅವಳ ಅಧಿಕಾರಿ, ಬರಲಿ ನೋಡೋಣ, ಈಗ ಫೋನ್ ಕೆಲಸ ಚೆನ್ನಾಗಿಯೇ ಮಾಡುತ್ತಿದ್ದೀರಲ್ಲ ಎಂದರಂತೆ. ಸುವರ್ಣಾ ಇನ್ನೂ ಫೋನಿನ ಮುಂದೆಯೇ ಇದ್ದಾಳೆ. ಬರುತ್ತದೆ ಎಂದು ನಾವಿಬ್ಬರೂ ನಂಬಿದ್ದೇವೆ. ಬರುವವರೆಗೆ ಅವಳ ದನಿ ಉಳಿಯಬೇಕು, ಅಷ್ಟೆ.

ಈ ನಡುವೆ ಕಲಬುರಗಿಯ ಕಾಲೇಜಿನಿಂದ ಕರೆ ಬಂತು, ಹೊಸ ಸೆಮಿಸ್ಟರಿಗೆ ಪಾಠಕ್ಕೆ ಬರುತ್ತೀರಾ ಎಂದು. ಬರುತ್ತೇನೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಅಲ್ಲಿ ಬಿಸಿಲಿಗೆ ಅರ್ಧ ಮುಚ್ಚಿದ ಕಿಟಕಿಯ ಪಕ್ಕ ನಿಂತು ಪಾಠ ಮಾಡುತ್ತಿದ್ದ ತರಗತಿ ಕಣ್ಣಿಗೆ ಕಟ್ಟುತ್ತದೆ. ಕಿಟಕಿ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಕೇಳಿದರೆ ಉತ್ತರವಿಲ್ಲ. ಸುವರ್ಣಾಳನ್ನು ಕೇಳಿದೆ, ವಾಪಸು ವರ್ಗಕ್ಕೆ ಅರ್ಜಿ ಹಾಕೋಣವೇ ಎಂದು. "ನೀವು ಹೋಗ್ತಿದ್ರ ಹೋಗಿ ಬರ್ರಿ. ಕುರ್ಚಿ ಸಿಗೋತನಕ ನಾ ಇಲ್ಲಿಂದ ಏಳಂಗಿಲ್ಲ" ಎಂದಳು. ಹೋಗಿ ಬಾ ಎಂದಳೇ, ಹೋಗು ಎಂದಳೇ ಎಂದು ಇವತ್ತಿಗೂ ಯೋಚಿಸುತ್ತೇನೆ.

ಅವಳಿಗೆ ಮಾತ್ರ ಮೂರನೆಯ ಊರೊಂದು ಸಿಕ್ಕಿದೆ. ಕರ್ನಲ್ಲಿನಲ್ಲಿ ಅಕ್ಕಪಕ್ಕ ಏನಾದರೂ ಬದಲಾದರೆ ನಮ್ಮ ಪಟ್ಟಿ ಇನ್ನೂ ಏಳುತ್ತದೆಯೇ ಎಂದು ಅಲ್ಲಿಯ ಜನ ಅವಳಿಗೇ ಬರೆಯುತ್ತಾರೆ. ಅವರಿಗೆ ಗೊತ್ತಿರುವ ಹಾಗೆ ಆ ಯಂತ್ರ ಇರುವುದು ಅವಳೊಬ್ಬಳ ಬಳಿ. ಕಳೆದ ಶನಿವಾರ ಬೆಳಿಗ್ಗೆಯೂ ಅಂಥದೊಂದು ಪತ್ರ ಬಂತು. ಅವಳು ತಲೆಯೊರೆಸಿಕೊಳ್ಳುತ್ತ ಬಂದು ಕುಳಿತಳು. "ರೀ, ಸ್ವಲ್ಪ ಹೊರಗ ಕೂಡ್ರಿ."

ಬಾಗಿಲು ಮುಂದೆ ಮಾಡಿಕೊಂಡು ಮೆಟ್ಟಿಲ ಮೇಲೆ ಕುಳಿತೆ. ಒಳಗೆ ಮೊರಕ್ಕೆ ಅಕ್ಕಿ ಬಿದ್ದ ಹಾಗೆ ಚರಚರ ಸದ್ದು, ಚುಕ್ಕೆಗಳು ಏಳುತ್ತಿದ್ದವು. ಒಂದು ಸಾಲು ಎದ್ದು, ಬಿದ್ದು, ಇನ್ನೊಂದು ಸಾಲು. ಏನು ಓದುತ್ತಿದ್ದಾಳೆಂದು ನನಗೆ ತಿಳಿಯುವಂತಿರಲಿಲ್ಲ. ಸರೋಜಮ್ಮ ಒಣಬಟ್ಟೆಯ ಬಕೆಟ್ಟು ಹಿಡಿದು ತಾರಸಿಯಿಂದ ಇಳಿದು ಬಂದವರು ನನ್ನನ್ನು ದಾಟಲಾಗದೆ ನಿಂತರು.

"ಏನ್ ಸಾರ್, ಎಲ್ಲಿಗೋ ಹೊರಟಿದ್ದೀರಾ?"

"ಇಲ್ಲಮ್ಮ."

"ಹಾಗಾದ್ರೆ ಒಳಗೆ ಹೋಗಿ ಕೂತ್ಕೋಬಾರ್ದಾ?"

"ಅದೂ ಆಗಲ್ಲಮ್ಮ" ಎಂದು, ಅವರು ಇಳಿದು ಹೋಗಲು ಗೋಡೆಯ ಕಡೆ ಸರಿದೆ.